ಬಲಗೈಯಲ್ಲಿ ಲಿಂಗ ಹಿಡಿದವನ ಸಿನೆಮಾ

ಸಿನೆಮಾ ನೋಡಿ ಸಂಸಾರ ಸರಿಹೋಯಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ನಗುತ್ತೇನೆ, ಆಮೇಲೆ ಸುಮ್ಮನಾಗುತ್ತೇನೆ. ನಗುವುದು ನನ್ನ ಹುಟ್ಟುಗುಣ. ಸುಮ್ಮನಾಗುವುದಕ್ಕೆ ಕಾರಣ ಹೋದ ವರ್ಷದ ಶ್ರಾವಣದಲ್ಲಿ, ಬಬಲೇಶ್ವರದಿಂದ ನಿಡೋಣಿಗೆ ಹೋಗುವ ದಾರಿಯ ಒಂದು ಸಣ್ಣ ಮಠದಲ್ಲಿ ನಾನು ನೋಡಿದ ಸಿನೆಮಾ.

ಆಗ ನಾನು ಟಿಕೋಟಾದಲ್ಲಿ ಅವ್ವನ ಮನೆಯಲ್ಲಿದ್ದೆ. ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಬಂದವಳು ಎರಡೂವರೆ ತಿಂಗಳಾದರೂ ತಿರುಗಿ ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಅಲ್ಲಿಂದಲೇ ಘೋಣಸಗಿಯ ಸಾಲಿಗೆ ಹೋಗಿ ಮಕ್ಕಳಿಗೆ ಪಾಠ ಹೇಳುವುದು, ಸಂಜೆ ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುವುದು. ನನ್ನ ಗಂಡ ವಿಜಯಪುರದ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಅವರು ಬಸ್ ಕಂಡಕ್ಟರ್. ಕಾಖಂಡಕಿ ಕಡೆಯ ಬಸ್ಸಿನಲ್ಲಿ ಅವರನ್ನು ಕಂಡವರು ಬಂದು, "ನಿಮ್ಮ ಯಜಮಾನ್ರು ಸೊರಗ್ಯಾರ್ರೀ ಅಕ್ಕಾರ" ಎಂದು ನನಗೆ ಹೇಳುತ್ತಿದ್ದರು. ಸೊರಗಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ನಡೆದದ್ದು ಇಷ್ಟು. ಏಳನೆಯ ತಿಂಗಳಿನಲ್ಲಿ ನನ್ನ ಕೂಸು ಹೊಟ್ಟೆಯಲ್ಲೇ ಹೋಯಿತು. ಸೀಮಂತಕ್ಕೆಂದು ಕುಬುಸದ ಸೀರೆ ತಂದಿಟ್ಟಾಗಿತ್ತು. ನನಗೆ ಎಚ್ಚರ ಬರುವ ಹೊತ್ತಿಗೆ ಕೂಸನ್ನು ಒಯ್ದು ಮಣ್ಣು ಮಾಡಿ ಬಂದಿದ್ದರು. "ನೋಡಬಾರದು, ಮನಸ್ಸಿಗೆ ಹಚ್ಚಿಕೊಂಡ ಬಿಡ್ತಿ" ಎಂದು ಎಲ್ಲರೂ ಒಂದೇ ಮಾತು ಹೇಳಿದರು. ದವಾಖಾನೆಯಿಂದ ಮನೆಗೆ ಬಂದೆ. ಅವ್ವ ಹೊಲಿದುಕೊಟ್ಟಿದ್ದ ಅಂಗೈಯಗಲದ ಕೌದಿ ಇರಲಿಲ್ಲ, ಕೂಸಿನ ತಲೆಗೆ ಕಟ್ಟುವ ಕುಂಚಿಗೆ ಇರಲಿಲ್ಲ, ಗೋಡೆಗೆ ನಾನು ಅಂಟಿಸಿದ್ದ ನಗುವ ಕೂಸಿನ ಚಿತ್ರವೂ ಇರಲಿಲ್ಲ. ಅಂಟಿನ ಗುರುತನ್ನು ಸಹ ಒದ್ದೆ ಅರಿವೆಯಿಂದ ತಿಕ್ಕಿ ಒರೆಸಿದ್ದರು. ಎಲ್ಲಿ ಎಂದು ಗಂಡನನ್ನು ಕೇಳಿದರೆ "ಕೊಟ್ಟು ಬಂದ್ನಿ" ಎಂದರು. ಮರುದಿನ ಖಾಕಿ ಅಂಗಿ ಹಾಕಿಕೊಂಡು ಡ್ಯೂಟಿಗೆ ಹೋದರು.

ಒಂದು ಹನಿ ಕಣ್ಣೀರನ್ನು ನಾನು ನೋಡಲಿಲ್ಲ. ಕೂಸಿನ ಮಾತು ಎತ್ತಿದರೆ "ಊಟಾ ಮಾಡು", ಮತ್ತೆ ಎತ್ತಿದರೆ "ಗುಳಿಗಿ ತಗೊಂಡಿ?" ಇಷ್ಟೇ. ಇಂಥ ಕಲ್ಲಿನ ಜೊತೆ ಬಾಳುವುದು ನನ್ನಿಂದ ಆಗದು ಎಂದು ಒಂದು ದಿನ ಚೀಲ ತುಂಬಿಕೊಂಡು ಟಿಕೋಟಾಕ್ಕೆ ಬಂದುಬಿಟ್ಟೆ. ಅವರು ಬಂದು ಕರೆಯಲೂ ಇಲ್ಲ. ಕೊನೆಗೆ ಎರಡೂ ಕಡೆಯ ಹಿರಿಯರು ಒಂದು ರವಿವಾರ ಅವ್ವನ ಮನೆಯಲ್ಲಿ ಕೂಡುವುದು ಎಂದಾಯಿತು. ಅಲ್ಲಿ ಗಂಡನನ್ನು ಬಿಡುವ ಸೋಡಚೀಟಿ ಕೇಳುವವಳಿದ್ದೆ. ಸುತ್ತುಬಳಸಿ ಮಾತಾಡಿ ನನಗೆ ರೂಢಿಯಿಲ್ಲ.

ಆ ರವಿವಾರಕ್ಕೆ ಎರಡು ದಿನ ಮೊದಲು, ಶುಕ್ರವಾರ ನಾನು ಸಾಲಿಯಿಂದ ಬಂದ ಕೂಡಲೇ ಅವ್ವ ಸೀರೆ ಉಟ್ಟು ತಯಾರಾಗಿದ್ದಳು.

"ಶ್ರಾವಣ ಮುಗ್ಯಾಕ ಬಂತು ಬೇ. ಒಂದ್ ದಿನಾ ಮಠದ ಮೆಟ್ಟಲಾ ತುಳದಿಲ್ಲ ನೀ. ಇವತ್ತ ರೊಟ್ಟಿ ಮಾಡೂ ಸೇವಾ ಐತಿ, ನಾಕ್ ರೊಟ್ಟಿ ಬಡದ್ ಬರೂಣ ನಡಿ."

"ಟಿಕೋಟಾದಾಗ ಮಠಾ ಇಲ್ಲೇನಬೇ? ನಿಡೋಣಿ ತನಾ ಯಾಕ ಹೋಗ್ಬೇಕು?"

"ಅಲ್ಲಿ ಮಂದಿ ಭಾಳ ಕೂಡ್ತೈತಿ, ರೊಟ್ಟಿ ಕಡಿಮಿ ಬೀಳ್ತಾವಂತ," ಎಂದಳು. ನಿಡೋಣಿ ನನ್ನ ಅತ್ತೆಯ ಊರು. ನನಗೆ ಸಂಶಯ ಬಂತು. ಆದರೆ ಅವ್ವನ ಜೊತೆ ವಾದಿಸುವುದಕ್ಕಿಂತ ರೊಟ್ಟಿ ಬಡಿಯುವುದು ಸುಲಭ ಎಂದು ಹೊರಟೆ.

ಮಠದ ಅಡುಗೆಮನೆಯೊಳಗೆ ಕಾಲಿಡುತ್ತಲೇ ಹಿಟ್ಟಿನ ಪರಾತದ ಮುಂದೆ ಅತ್ತೆ ಕೂತಿದ್ದರು. "ಬಂದ್ಯಾ ಯವ್ವಾ" ಎಂದು ನನ್ನ ಗಲ್ಲ ಮುಟ್ಟಿದರು. ಗಲ್ಲಕ್ಕೆಲ್ಲ ಜೋಳದ ಹಿಟ್ಟಾಯಿತು. ಬೀಗತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಥಟ್ಟನೆ ಬೇರೆ ಕಡೆ ತಿರುಗಿದರು. ಇಬ್ಬರೂ ಫೋನಿನಲ್ಲಿ ಸಂಚು ಮಾಡಿದ್ದಾರೆ ಎಂದು ತಿಳಿಯಲು ಪೊಲೀಸರು ಬೇಕಾಗಿರಲಿಲ್ಲ. ನನಗೆ ಸಿಟ್ಟು ಬಂತು, ಆದರೆ ಆ ಹಿಟ್ಟಿನ ಕೈಗೆ ಎದುರಾಡಲು ಆಗಲಿಲ್ಲ. ಅತ್ತೆ ನನಗೆ ಎಂದೂ ಕೆಟ್ಟ ಮಾತು ಆಡಿದವರಲ್ಲ.

ಸಂಚು ಏನೆಂದು ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದವಳಿಂದ ಗೊತ್ತಾಯಿತು. ವಿಜಯಪುರದ ನಾಲ್ಕಾರು ನಿವೃತ್ತ ಮಾಸ್ತರರು ಕೂಡಿ ಒಂದು ಸಿನೆಮಾ ಮಾಡಿದ್ದರು. ಶ್ರಾವಣದಲ್ಲಿ ಮಠದಿಂದ ಮಠಕ್ಕೆ ಹೊತ್ತುಕೊಂಡು ಹೋಗಿ ತೋರಿಸುತ್ತಿದ್ದರು. ಮುರಿಯಲು ಬಂದ ಒಂದು ಸಂಸಾರ. ಗುರುಗಳ ಮಾತಿನಂತೆ ಗಂಡ ಹೆಂಡತಿ ಇಪ್ಪತ್ತೊಂದು ದಿನ ಎದುರುಬದುರು ಕೂತು ಲಿಂಗಪೂಜೆ ಮಾಡುತ್ತಾರೆ, ಪೂಜೆ ಮುಗಿದ ಮೇಲೆ ಒಬ್ಬರಿಗೊಬ್ಬರು ದಿನಕ್ಕೊಂದು ನಿಜ ಹೇಳುತ್ತಾರೆ, ಕೊನೆಗೆ ಒಂದಾಗುತ್ತಾರೆ. ಇದನ್ನು ನಾವಿಬ್ಬರೂ ಕೂಡಿ ನೋಡಿದರೆ ನಮ್ಮ ಮನಸ್ಸೂ ಕರಗೀತು ಎಂಬುದು ಬೀಗತಿಯರ ಲೆಕ್ಕಾಚಾರ. ಅತ್ತೆ ತಮ್ಮ ಮಗನಿಗೂ ಬರಲು ಹೇಳಿದ್ದರು.

ಆದರೆ ಆ ಇಬ್ಬರು ಜಾಣೆಯರೂ ಒಂದು ಮಾತು ಮರೆತಿದ್ದರು. ನಮ್ಮ ಮಠಗಳಲ್ಲಿ ಗಂಡಸರೊಂದು ಕಡೆ, ಹೆಂಗಸರೊಂದು ಕಡೆ. ಗಂಡ ಹೆಂಡತಿ ಜೋಡಿಯಾಗಿ ಒಂದೇ ಬಾಗಿಲಿನಿಂದ ಬಂದರೂ ಒಳಗೆ ಬಂದ ಮೇಲೆ ಬೇರೆ ಬೇರೆಯೇ. ಸಂಸಾರ ಕೂಡಿಸುವ ಸಿನೆಮಾಕ್ಕೂ ಅದೇ ನಿಯಮ.

ಅದರ ಮೇಲೆ ಇನ್ನೊಂದಾಯಿತು. ಅವತ್ತು ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದರು. ಗಂಡಸರು ಮುಂದೆ ಬಂದು ಕೂತುಬಿಟ್ಟರು. "ನಾವೇನ್ ಸಿನೆಮಾ ನೋಡ್ಬೇಕ್ರಿ, ಇವರ ರುಮಾಲ ನೋಡ್ಬೇಕ್ರಿ?" ಎಂದು ಹಿಂದಿನಿಂದ ಮುದುಕಿಯರು ಗದ್ದಲ ಹಾಕಿದರು. ಅಜ್ಜಾರು, ಎಂದರೆ ಮಠದ ಸ್ವಾಮಿಗಳು, ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟರು: "ಅರಿವಿ ತೆಳ್ಳಗ ಐತಿ. ಅಂಗಳದ ನಡುವ ಕಟ್ರಿ. ಬೆಳಕು ಆ ಕಡಿಗೂ ಹಾಯ್ತೈತಿ. ಗಂಡಸರು ಈ ಕಡೆ, ತಾಯಂದಿರು ಆ ಕಡೆ." ಎರಡು ಧೋತರ ಕೂಡಿಸಿ ಹೊಲಿದ ಪರದೆಯನ್ನು ಎರಡು ಕಂಬಗಳ ನಡುವೆ ಬಿಗಿದರು. ಸಿನೆಮಾ ಬಿಡುವ ಯಂತ್ರ ಗಂಡಸರ ಕಡೆ ಇತ್ತು. ಹೀಗೆ ನಮ್ಮನ್ನು ಕೂಡಿಸಲು ಕರೆತಂದವರು ನಮ್ಮ ನಡುವೆ ಎಂಟು ಮೊಳ ಅರಿವೆ ಕಟ್ಟಿಸಿದಂತಾಯಿತು. ಅವ್ವ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಅತ್ತೆ ಹಣೆ ಚಚ್ಚಿಕೊಂಡರು. ಆ ಹೊತ್ತಿಗೆ ನನಗೆ ಖುಷಿಯೇ ಆಯಿತು.

ಸಂಜೆಗತ್ತಲಾಗುತ್ತಲೇ ಸಿನೆಮಾ ಶುರುವಾಯಿತು. ಹೆಸರು ಬರುವ ಹೊತ್ತಿಗೆ ನಾವೆಲ್ಲ ಇನ್ನೂ ಒಲೆಯ ಮುಂದೆ ಇದ್ದೆವು. ಮೊದಲೇ ಬಂದು ಜಾಗ ಹಿಡಿದಿದ್ದ ಮುದುಕಿಯರಿಗೆ ಅಕ್ಷರ ಬರುತ್ತಿರಲಿಲ್ಲ. ಕೊನೆಯ ರೊಟ್ಟಿ ಬೇಯಿಸಿ ನಾನು ಬಂದು ಕೂತಾಗ ಪರದೆಯ ಮೇಲೆ ಗಂಡ ಹೆಂಡತಿ ಜಗಳಾಡುತ್ತಿದ್ದರು. ಗಂಡನಾದವನಿಗೆ ಬಣ್ಣ ಹಚ್ಚಿದ ಕಪ್ಪು ಕೂದಲು, ಸಾಲಿ ಮಕ್ಕಳು ಪದ್ಯ ಒಪ್ಪಿಸುವಂಥ ಮಾತು. ಹೆಂಡತಿಯಾದವಳು ಅಳುವಾಗಲೂ ಕಾಡಿಗೆ ಕೆಡದಂತೆ ಎಚ್ಚರಿಕೆಯಿಂದ ಅಳುತ್ತಿದ್ದಳು. ಮುದುಕಿಯರಿಗೆ ಮಾತ್ರ ಅವಳು ಭಾಳ ಮೆಚ್ಚುಗೆಯಾದಳು. ನಮ್ಮ ಕಡೆಯ ಹಳೆಯ ಹೆಂಗಸರು ಸೆರಗನ್ನು ಬಲಹೆಗಲ ಮೇಲೆ ಹೊರುತ್ತಾರೆ. ಇವಳ ಸೆರಗೂ ಬಲಕ್ಕೇ ಇತ್ತು. "ನೋಡ್ ಬೇ, ಸಿನೆಮಾದಾಕಿ ಆದ್ರೂ ಸೆರಗ ಹ್ಯಾಂಗ್ ಹೊತ್ತಾಳ. ನೀವೂ ಅದೀರಿ," ಎಂದು ಒಬ್ಬಾಕೆ ನನ್ನ ಎಡಹೆಗಲನ್ನು ತಿವಿದಳು.

ಸಿನೆಮಾ ಅರ್ಧಕ್ಕೆ ಬಂದಿರಬೇಕು. ಸಿನೆಮಾದಲ್ಲಿ ಆಟೋ ಬಂದು ನಿಂತ ಸದ್ದು ಕೇಳಿಸಿತು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಗಂಡಸರ ಕಡೆ ಯಾರೋ ಎದ್ದು ಯಂತ್ರದ ಬೆಳಕಿಗೆ ಅಡ್ಡ ನಿಂತಿದ್ದರು. ಅವರ ನೆರಳು ಇಡೀ ಧೋತರದ ಮೇಲೆ ಹರಡಿತ್ತು. ಹಿಂದೆ ಸನಾದಿ ನುಡಿಯುತ್ತಿತ್ತು, ಏನು ನಡೆಯುತ್ತಿದೆ ಎಂದು ಯಾರಿಗೂ ಕಾಣಿಸದು.

"ಯಾರಲೇ ಅಂವಾ, ಕುಂದರಲೇ!" ಎಂದು ಆ ಕಡೆಯಿಂದ ಕೂಗಿದರು. ಈ ಕಡೆಯಿಂದ ಹೆಂಗಸರೂ ಶುರು ಮಾಡಿದರು. "ನೀ ಏನ್ ಗಾಜಿನಾಂವ ಏನೋ, ಹಾಯ್ದು ಕಾಣಾಕ?" ಎಂದಳು ಒಬ್ಬಾಕೆ. ನೆರಳು ಕದಲಲಿಲ್ಲ. ಯಾರೋ ಅಂಗಿ ಹಿಡಿದು ಜಗ್ಗಿರಬೇಕು, ಒಂದು ಸಲ ವಾಲಿತು, ಮತ್ತೆ ನೆಟ್ಟಗಾಯಿತು. "ಯಾವ ತಾಯಿ ಹಡದಾಳೋ ಇಂಥಾವನ್ನ, ಗೂಟ ಬಡದಂಗ ನಿಂತಾನ," ಎಂದು ನನ್ನ ಅತ್ತೆ ಬೈದರು.

ನನಗೆ ಗೊತ್ತಾಗಿತ್ತು. ಹದಿನಾಲ್ಕು ವರ್ಷ ಟಿಕೆಟ್ ಚೀಲ ಹೊತ್ತು ಒಂದು ಹೆಗಲು ಇನ್ನೊಂದಕ್ಕಿಂತ ತುಸು ಕೆಳಗಿಳಿದ ಆ ನೆರಳು ಯಾರದೆಂದು ಇಡೀ ಅಂಗಳದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ. ಇನ್ನೊಬ್ಬರ ಸಂಸಾರದ ಕಷ್ಟ ಸಿನೆಮಾದಲ್ಲಿ ಕೂಡ ಇವರಿಗೆ ನೋಡಲಾಗುವುದಿಲ್ಲ, ಎದ್ದು ಹೊರಟಿದ್ದಾರೆ, ಹೊರಡುವುದಕ್ಕೂ ಬರುವುದಿಲ್ಲ ಎಂದು ಮೈಯೆಲ್ಲ ಉರಿಯಿತು. ಸನಾದಿ ನಿಂತ ಮೇಲೆ ನೆರಳು ಸರಿಯಿತು. ಪರದೆಯ ಮೇಲೆ ಗುರುಗಳು ಬಂದಿದ್ದರು.

ಅಲ್ಲಿಂದ ಮುಂದೆ ಪೂಜೆಯ ಸೀನು ಬಂತು. ಇಬ್ಬರೂ ವಿಭೂತಿ ಧರಿಸಿ ಎದುರುಬದುರು ಕೂತರು. ಗಂಡನಾದವನು ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡ. ಹೆಂಗಸರ ಕಡೆ ಒಮ್ಮೆಲೇ ಗುಜುಗುಜು ಎದ್ದಿತು.

"ಯವ್ವಾ! ಲಿಂಗಾ ಬಲಗೈಯಾಗ ಹಿಡದಾನಲ್ಲ ಬೇ ಅಂವ!"

ಲಿಂಗ ಹಿಡಿಯುವುದು ಎಡಗೈಯಲ್ಲಿ, ಪೂಜೆ ಬಲಗೈಯಿಂದ. ಇದು ನಮ್ಮಲ್ಲಿ ಮೂರು ವರ್ಷದ ಕೂಸಿಗೂ ಗೊತ್ತು. ಇವನು ತಿರುವುಮುರುವು ಮಾಡುತ್ತಿದ್ದ. ಆಮೇಲೆ ಯಾರಿಗೂ ಕತೆ ಬೇಡವಾಯಿತು. ಗಂಡ ಹೆಂಡತಿ ಒಂದಾದರೂ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ದೀಪ ಹತ್ತಿದ್ದೇ ತಡ, ಮುದುಕಿಯರು ಪರದೆ ಸರಿಸಿಕೊಂಡು ಮಾಸ್ತರರ ಮೇಲೆ ಹೋದರು. "ಲಿಂಗಾ ಹಿಡ್ಯಾಕ ಬರೂದಿಲ್ಲ, ಸಂಸಾರಾ ಹ್ಯಾಂಗ ಮಾಡೂದು ನಮಗ ಹೇಳಾಕ ಬಂದೀರೇನ್ರಿ?" ಮಾಸ್ತರರು ಕಂಗಾಲಾದರು. ಗಂಡಸರೆಲ್ಲ ಒಟ್ಟಾಗಿ, "ಎಡಗೈಯಾಗ ಹಿಡದಾನ್ರೆವಾ, ನಾವೇನ್ ಕುರುಡರೇನು?" ಎಂದರು. "ನಾವೇನ್ ಕುರುಡರೇನು?" ಎಂದು ಇವರು. ಸಂಸಾರ ಉಳಿಸುವ ಸಿನೆಮಾ ನೋಡಿ ಒಂದೊಂದು ಮನೆಯ ಗಂಡ ಹೆಂಡತಿಯೂ ಅಂಗಳದಲ್ಲಿ ಜಗಳಕ್ಕೆ ನಿಂತರು.

ಅಜ್ಜಾರು ನಕ್ಕರು. "ಆ ಸೀನು ಮತ್ತೊಮ್ಮೆ ಹಚ್ಚ್ರಿ ಮಾಸ್ತರ. ತಾಯಂದಿರು ಗಂಡಸರ ಕಡೆ ಹೋಗ್ರಿ, ಗಂಡಸರು ತಾಯಂದಿರ ಕಡೆ ಬರ್ರಿ."

ಜನ ಅತ್ತಿಂದಿತ್ತ ಹಾಯತೊಡಗಿತು. ಆ ನೂಕುನುಗ್ಗಲಲ್ಲಿ ನಾನು ಪರದೆ ಕಟ್ಟಿದ ಕಂಬದ ಹತ್ತಿರ ಬಂದೆ. ಎದುರಿನಿಂದ ಅವರೂ ಬಂದರು. ಮುಂದೆ ಹೋಗಲು ಇಬ್ಬರಿಗೂ ಜಾಗ ಇರಲಿಲ್ಲ, ಅಲ್ಲೇ ನಿಂತೆವು.

"ಎಡಗೈಯಾಗ ಐತಿ. ನಾ ನೋಡೀನಿ," ಎಂದರು. ಎರಡೂವರೆ ತಿಂಗಳಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು.

"ಬಲಗೈಯಾಗ ಐತಿ. ನಾನೂ ನೋಡೀನಿ," ಎಂದೆ.

ಸೀನು ಮತ್ತೆ ಬಂತು. ಕಂಬದ ಈ ಕಡೆ ಬಗ್ಗಿ ನೋಡಿದರೆ ಲಿಂಗ ಬಲಗೈಯಲ್ಲಿ, ಆ ಕಡೆ ಬಗ್ಗಿ ನೋಡಿದರೆ ಎಡಗೈಯಲ್ಲಿ. ಹೆಂಡತಿಯ ಸೆರಗೂ ಆ ಕಡೆ ಎಡಕ್ಕೇ ಇತ್ತು. ಹಿಂದಿನಿಂದ ನೋಡಿದ್ದಕ್ಕೆ ನಮಗೆಲ್ಲ ತಿರುಗಾಮುರುಗಾ ಕಂಡಿತ್ತು, ಅಷ್ಟೇ. ಅವರೂ ನನ್ನ ಹಾಗೆ ಎರಡೂ ಕಡೆ ಬಗ್ಗಿ ನೋಡಿದರು. ಇಬ್ಬರಿಗೂ ನಗು ಬಂತು. ನಕ್ಕದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು, ಆ ಸಿಟ್ಟನ್ನು ಅವರ ಮೇಲೆ ತೀರಿಸಿದೆ.

"ನಡಬರಕ ಯಾಕ್ ಎದ್ದು ನಿಂತಿದ್ರಿ? ಮಂದಿ ಬಾಯಿಗೆ ಬಂದಂಗ ಬೈಯಾಕತ್ತಿತ್ತು. ನಿಮ್ಮವ್ವಾನೂ ಬೈದ್ರು, ನೀವಂತ ಗೊತ್ತಿಲ್ದ."

ಅವರು ಕಂಬಕ್ಕೆ ಕಟ್ಟಿದ ಹಗ್ಗವನ್ನು ನೋಡುತ್ತ ನಿಂತರು.

"ಹೋದ ವಾರ ಬಿಜಾಪುರದಾಗ ಇದನ್ನ ನೋಡಿದ್ನಿ. ನಮ್ಮ ಡ್ರೈವರ್ ಕರಕೊಂಡ್ ಹೋಗಿದ್ದ," ಎಂದರು. "ನಡುವ ಒಂದ್ ಸೀನ್ ಐತಿ. ಆಕಿ ದವಾಖಾನಿಯಿಂದ ಮನಿಗೆ ಬರ್ತಾಳ. ಬರಿಗೈಲೆ."

ನಾನು ಪರದೆಯ ಕಡೆ ನೋಡಿದೆ.

"ನೀ ಬರ್ತಿ ಅಂತ ಅವ್ವ ಅಂದ್ಳು. ಅದಕ್ಕ ಬಂದೆ. ಅದೊಂದ್ ಸೀನ್ ಬಿಟ್ಟು ಮುಂದ ಹೋಗ್ರಿ ಅಂತ ಮಾಸ್ತರಗ ಕೇಳಿದ್ನಿ. ಆಗೂದಿಲ್ಲ ಅಂದ್ರು. ಮತ್ತೇನ್ ಮಾಡ್ಲಿ, ನೀ ಆ ಕಡೆ ಕೂತಿದ್ದಿ."

ನಾನು ಕಂಬ ಹಿಡಿದುಕೊಂಡೆ. ಇಡೀ ಊರಿನ ಬೈಗುಳ ತಿನ್ನುತ್ತ, ಅಂಗಿ ಜಗ್ಗಿಸಿಕೊಳ್ಳುತ್ತ ಅವರು ನಿಂತದ್ದು ನನಗೆ ಅದು ಕಾಣದಿರಲಿ ಎಂದು. ಹಾಗಾದರೆ ಕೌದಿ ಕೊಟ್ಟು ಬಂದದ್ದೂ, ಗೋಡೆಯ ಅಂಟು ತಿಕ್ಕಿ ಒರೆಸಿದ್ದೂ ಅದಕ್ಕೇ. ಕೂಸನ್ನು ಮರೆತ ಕಲ್ಲು ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಪಾಪ ಎನಿಸಿತು. ಅದರ ಜೊತೆಗೇ, ಇಷ್ಟು ವರ್ಷ ನನ್ನ ಜೊತೆ ಬಾಳಿದವರಿಗೆ ನಾನು ಇಷ್ಟೂ ಗೊತ್ತಿಲ್ಲವೇ ಎಂದೂ ಎನಿಸಿತು.

"ನನಗ ನೋಡೂದೈತ್ರಿ," ಎಂದೆ. "ಮುಚ್ಚಿ ಮುಚ್ಚಿ ಇಡಬ್ಯಾಡ್ರಿ ನನಗ. ನೀವು ಹಂಗ ಮುಚ್ಚಿದ್ದಕ್ಕ ನಾ ಒಬ್ಬಾಕಿನ ಆಗೀನಿ. ನಿಮ್ಮ ಜೋಡಿ ಕೂತು ನೋಡೂದೈತಿ."

ಪರದೆಯ ಎರಡೂ ಕಡೆ ಜಗಳ ಬಗೆಹರಿದು ಜನ ನಗುತ್ತ ಪ್ರಸಾದಕ್ಕೆ ಎದ್ದರು. ಹುಗ್ಗಿಯ ವಾಸನೆ ಬರುತ್ತಿತ್ತು. ಮಾಸ್ತರರು ವೈರು ಸುತ್ತುತ್ತಿದ್ದರು. ಹೋಗಿ, ದವಾಖಾನೆಯಿಂದ ಬರುವ ಸೀನು ಹಚ್ಚಿರಿ ಎಂದೆ. ಅವರು ನನ್ನನ್ನು ನೋಡಿದರು, ನನ್ನ ಹಿಂದೆ ನಿಂತ ಇವರನ್ನು ನೋಡಿದರು. "ಇವರನ ಅಲ್ಲೇನ್ರಿ, ಅದನ್ನ ಬಿಡ್ರಿ ಅಂತ ಕೈ ಮುಗದವರು?" ಎಂದರು. ಇವರು "ಹೌದ್ರಿ, ಹಚ್ಚ್ರಿ" ಎಂದರು.

ಇಬ್ಬರೂ ಹೆಂಗಸರ ಕಡೆಯ ಜಮಖಾನದ ಮೇಲೆ ಕೂತೆವು. ಮಠದಲ್ಲಿ ಹಾಗೆ ಜೋಡಿಯಾಗಿ ಕೂತದ್ದು ಅದೇ ಮೊದಲು. ಪಾತ್ರೆ ಹಿಡಿದು ಹೋಗುತ್ತಿದ್ದ ಒಬ್ಬಾಕೆ ನಿಂತು ನೋಡಿ, ಏನೋ ಹೇಳಲು ಬಂದವಳು ಹೇಳದೆ ಹೋದಳು. ಅಡುಗೆಮನೆಯ ಬಾಗಿಲಲ್ಲಿ ಬೀಗತಿಯರಿಬ್ಬರೂ ಹಣಿಕಿ ಹಾಕುತ್ತಿದ್ದರು.

ಪರದೆಯ ಮೇಲೆ ಆಟೋ ಬಂದು ನಿಂತಿತು. ಅವಳು ಇಳಿದಳು. ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಹಿಡಿಯಲು ಬೇರೇನೂ ಇರಲಿಲ್ಲ. ಬಾಗಿಲಲ್ಲಿ ಅವಳ ಅತ್ತೆ ತಂಬಿಗೆ ನೀರು ಹಿಡಿದುಕೊಂಡು, ನಿವಾಳಿಸಬೇಕೋ ಬೇಡವೋ ತಿಳಿಯದೆ ನಿಂತಿದ್ದಳು. ಗಂಡ ಆಟೋದವನ ಜೊತೆ ಸುಮ್ಮನೆ ಮಾತಾಡುತ್ತ ಮನೆಯೊಳಗೆ ಹೋಗುವುದನ್ನು ತಡ ಮಾಡುತ್ತಿದ್ದ. ಕಾಡಿಗೆ ಕೆಡದಂತೆ ಅಳುತ್ತಿದ್ದವಳು ಇಲ್ಲಿ ಅಳಲೇ ಇಲ್ಲ. ಅವಳ ನಟನೆಗೆ ಅಷ್ಟು ಹೊತ್ತು ನಕ್ಕಿದ್ದ ನಾನು ಅಳುತ್ತಿದ್ದೆ.

"ಕೂಸು ಹ್ಯಾಂಗಿತ್ರೀ?" ಎಂದು ಕೇಳಿದೆ. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರಿಗೂ ಕೇಳಿರಲಿಲ್ಲ.

ಅವರು ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದರು.

"ಇಷ್ಟ ಇತ್ತು. ಹೆಣ್ಣು. ತಲಿ ತುಂಬ ಕೂದಲಾ. ಗದ್ದಾ ನಿಂದು," ಎಂದರು. "ನಮ್ಮ ಕಾಕಾ ಕೊಡು ಅಂದ್ರು. ನಾ ಯಾರ ಕೈಯಾಗೂ ಕೊಡಲಿಲ್ಲ. ನಾನ ಒಯ್ದ್ನಿ. ನಾನ ತಗ್ಗ ತೋಡಿದ್ನಿ." ಜೋಡಿಸಿದ ಆ ಕೈಗಳಿಂದಲೇ ಮುಖ ಮುಚ್ಚಿಕೊಂಡು, ಮಠದ ಅಂಗಳದಲ್ಲಿ, ಹೆಂಗಸರ ಜಮಖಾನದ ಮೇಲೆ, ದೊಡ್ಡ ದನಿ ತೆಗೆದು ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಮಾಸ್ತರರು ಯಂತ್ರ ನಿಲ್ಲಿಸಿ ಸದ್ದಿಲ್ಲದೆ ಆ ಕಡೆ ಹೋದರು.

ರವಿವಾರ ಹಿರಿಯರು ಹೇಳಿದ ಹೊತ್ತಿಗೆ ಸರಿಯಾಗಿ ಟಿಕೋಟಾದ ಮನೆಗೆ ಬಂದರಂತೆ. ಅವ್ವ ಅವರಿಗೆ ಉಪ್ಪಿಟ್ಟು ಮಾಡಿ ಹಾಕಿ ಕಳಿಸಿದಳಂತೆ. ನಾವಿಬ್ಬರೂ ಆ ಹೊತ್ತಿಗೆ ನಿಡೋಣಿಯ ನಮ್ಮ ಹೊಲದ ಬದುವಿನ ಮೇಲೆ, ಒಂದು ಬನ್ನಿಗಿಡದ ಬುಡದಲ್ಲಿ ಕೂತಿದ್ದೆವು. ಕೂಸು ಮಲಗಿದ ಆ ಜಾಗ ಎಲ್ಲಿದೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಇವರು ಸುತ್ತ ಕಸ ಕಿತ್ತು, ನಾಯಿ ಕೆದರದಂತೆ ಕಲ್ಲು ಜೋಡಿಸಿ ಇಟ್ಟಿದ್ದರು. ವಾರದ ರಜೆ ಬಂದಾಗಲೆಲ್ಲ ಅಲ್ಲಿಗೆ ಬಂದು ಕೂತು ಹೋಗುತ್ತಿದ್ದರಂತೆ. ನನಗೆ ಹೇಳಿರಲಿಲ್ಲ, ಕೇಳಿ ನಾನು ಅತ್ತೇನು ಎಂದು.